ಕಡಲ ದಂಡೆಯಿಂದ ತಂದ ಹಾಳೆ

ಪ್ಲಾಸ್ಟಿಕ್ ಚೀಲವನ್ನು ತೊಳೆದು, ನೆರಳಿಗೆ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಡುತ್ತಿದ್ದ ಕಾಲದವಳು ನಾನು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನಗಲಿ. ಎಪ್ಪತ್ತರ ದಶಕದ ನಡುವಿನ ಮಾತಿದು. ನವಿಲುತೀರ್ಥದ ಅಣೆಕಟ್ಟು ತುಂಬಿತ್ತು, ಸವದತ್ತಿ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂದಿತ್ತು, ಅದರ ಬೆನ್ನಿಗೇ ಗೊಬ್ಬರದ ಚೀಲಗಳೂ ಬಂದಿದ್ದವು. ಆ ಚೀಲದ ಒಳಗೆ ತೆಳ್ಳಗಿನ ಬಿಳಿ ಪ್ಲಾಸ್ಟಿಕ್ಕಿನ ಇನ್ನೊಂದು ಚೀಲ ಇರುತ್ತಿತ್ತು. ನಮ್ಮ ಕಡೆ ಅದಕ್ಕೆ ‘ಹಾಳಿ’ ಎನ್ನುತ್ತಿದ್ದರು. ಮಳೆಗೆ ತಲೆಯ ಮೇಲೆ ಕೊಪ್ಪೆ ಅದೇ, ಬೆಲ್ಲ ಕಟ್ಟಿಡಲು ಅದೇ, ಎಳೆಗೂಸಿನ ಕೌದಿಯ ಕೆಳಗೆ ಹಾಸಲೂ ಅದೇ. ಒಂದು ಹಾಳಿಗಾಗಿ ನೆಗೆಣ್ಣಿಯರಿಬ್ಬರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನಾನೇ ಕಂಡಿದ್ದೇನೆ.

ನಮ್ಮೂರು ಸವದತ್ತಿಗೂ ಕಟಕೋಳಕ್ಕೂ ನಡುವೆ, ಕೆಂಪು ಕಲ್ಲಿನ ಗುಡ್ಡದ ಬುಡದಲ್ಲಿತ್ತು. ನಮ್ಮದು ಪೂಜೆ, ಪಂಚಾಂಗದ ಮನೆ. ಅಜ್ಜ ಊರಿಗೆಲ್ಲ ತಿಥಿ, ಮುಹೂರ್ತ ನೋಡಿ ಹೇಳುತ್ತಿದ್ದರು. ಅಜ್ಜಿಯ ಮಡಿ ಎಷ್ಟು ಕಟ್ಟುನಿಟ್ಟೆಂದರೆ, ಬೆಕ್ಕು ಸಹ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಯೋಚನೆ ಮಾಡುತ್ತಿತ್ತು.

ನಮ್ಮ ಹಿತ್ತಲಿಗೆ ಹತ್ತಿದ ಮನೆ ನೀಲವ್ವನದು. ನನ್ನ ಓರಗೆಯವಳು, ಒಂದೇ ತರಗತಿ, ಒಂದೇ ಚಾಪೆ. ಅವಳಿಗೆ ಎರಡು ವರ್ಷವಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ತಾಯಿ ಬಸಲಿಂಗವ್ವನಿಗೆ ಹೊಲವಿರಲಿಲ್ಲ. ಇದ್ದದ್ದು ಒಂದು ಎಮ್ಮೆ. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕಾರಣ ಅದಕ್ಕೆ ಚಂದ್ರಿ ಎಂದು ಹೆಸರು. ಚಂದ್ರಿಯ ಹಾಲು ನಮ್ಮ ಮನೆಯೂ ಸೇರಿ ನಾಲ್ಕು ಮನೆಗೆ ಹೋಗುತ್ತಿತ್ತು. ಉಳಿದದ್ದು ಬೆಣ್ಣೆಯಾಗಿ ಕಟಕೋಳದ ಸಂತೆಗೆ. ಆ ಎಮ್ಮೆಯ ಮೇಲೆಯೇ ಆ ಮನೆ ನಿಂತಿತ್ತು. ಬಸಲಿಂಗವ್ವ ಮಗಳಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು:

“ಚಂದ್ರಿ ಹಾಲು ಕೊಡೂ ತನಕ ನೀ ಸಾಲಿಗಿ ಹೋಗು. ಆಕಿ ಕೈ ಬಿಟ್ಟ ದಿನ ಕುರ್ಪಿ ಹಿಡಕೊಂಡು ಕಳೆ ತಗ್ಯಾಕ ನಡಿ. ನನ್ನ ಕೈಲೆ ಇಷ್ಟs ಆಗೂದು.”

ನೀಲವ್ವ ಅದಕ್ಕೆ ಬೇಜಾರು ಮಾಡಿಕೊಂಡವಳಲ್ಲ. ಶಾಲೆ ಬಿಟ್ಟ ಕೂಡಲೆ ಚಂದ್ರಿಯ ಮೈ ತಿಕ್ಕುತ್ತ ಮಗ್ಗಿ ಹೇಳುತ್ತಿದ್ದಳು. ತರಗತಿಗೆ ಮೊದಲಿಗಳು ಅವಳೇ. ನಾನು ಎರಡನೆಯವಳು, ಎರಡನೆಯವಳು ಎಂದರೆ ಬಹಳ ಹಿಂದೆ ಉಳಿದ ಎರಡನೆಯವಳು.

ಆ ವರ್ಷ ಏಳನೆಯ ತರಗತಿಗೆ ಹೊಸ ವಿಜ್ಞಾನದ ಮಾಸ್ತರರು ಬಂದಿದ್ದರು, ಬೈಲಹೊಂಗಲದ ಕಡೆಯವರು, ಮೀಸೆ ಇನ್ನೂ ಸರಿಯಾಗಿ ಬಲಿಯದ ವಯಸ್ಸು. ಕಡಲ ಜೀವಿಗಳ ಪಾಠ ನಡೆದಾಗ ನೀಲವ್ವ ಎದ್ದು ನಿಂತು ಕೇಳಿದಳು:

“ಸರ್, ನಕ್ಷತ್ರ ಮೀನ ಅಂದ್ರ ಮಿಂಚತೈತೇನ್ರಿ?”

ಮಾಸ್ತರರು ಪುಸ್ತಕ ಮುಚ್ಚಿದರು. “ಗೊತ್ತಿಲ್ಲವ್ವಾ. ನಾನೂ ಸಮುದ್ರ ನೋಡಿಲ್ಲ,” ಎಂದರು.

ಗೊತ್ತಿಲ್ಲ ಎಂದ ಮಾಸ್ತರರನ್ನು ನಾವು ಅದೇ ಮೊದಲು ನೋಡಿದ್ದು. ಮರುದಿನದಿಂದಲೇ ಅವರು ಓಡಾಟಕ್ಕೆ ಹತ್ತಿದರು. ಹೆಡ್‌ಮಾಸ್ತರರ ಕೈಕಾಲು ಹಿಡಿದರು, ಊರ ಗೌಡರ ಮನೆ ಕಟ್ಟೆ ಹತ್ತಿ ಇಳಿದರು. ಕೊನೆಗೆ ಸಂಕ್ರಾಂತಿ ಮುಗಿದ ವಾರ ಏಳನೆಯ ತರಗತಿಯವರು ಕಾರವಾರಕ್ಕೆ ಹೋಗುವುದೆಂದು ಗೊತ್ತಾಯಿತು.

ನಮ್ಮ ಮನೆಯಲ್ಲಿ ಅಜ್ಜ ಪಂಚಾಂಗ ತೆಗೆದು ದಿನ ಒಳ್ಳೆಯದೆಂದರು. ಅಜ್ಜಿ ಮಾತ್ರ ಹಟ ಹಿಡಿದಳು. “ಅಲ್ಲಿ ಏನೂ ಮುಟ್ಟಬ್ಯಾಡ, ಏನೂ ತಿನ್ನಬ್ಯಾಡ. ಮೀನದ ನೀರು ಮೈಮ್ಯಾಲೆ ಬಿದ್ರ ಅಲ್ಲೇ ಸ್ನಾನ ಮಾಡಿ ಬಾ. ಆ ವಾಸನಿ ಹೊತಗೊಂಡು ನನ್ನ ಮನಿಯೊಳಗ ಬರಬ್ಯಾಡ.” ಬಸಲಿಂಗವ್ವ ಎರಡು ಸಂತೆಯ ಬೆಣ್ಣೆ ಮಾರಿದ ದುಡ್ಡನ್ನು ಮಾಸ್ತರರ ಕೈಗಿಟ್ಟು, “ಹುಡುಗಿ ಹುಷಾರ್ರಿ,” ಎಂದಳಂತೆ, ಅಷ್ಟೇ.

ನಸುಕಿನಲ್ಲಿ ಬಸ್ಸು ಹತ್ತಿದೆವು. ಬಿಳಿ ಅರಿವೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಂಕ್ರಾಂತಿಯಲ್ಲಿ ಉಳಿದ ಕುಸುರೆಳ್ಳು. ಧಾರವಾಡ ದಾಟುವ ಹೊತ್ತಿಗೆ ಅರ್ಧ ಬುತ್ತಿ ಖಾಲಿ. ಘಟ್ಟ ಇಳಿಯುವಾಗ ತಿಂದದ್ದನ್ನೆಲ್ಲ ಕಿಟಕಿಯಿಂದ ಹೊರಗೆ ಹಾಕಿದೆವು. ನೀಲವ್ವ ಒಬ್ಬಳೇ ಗಟ್ಟಿಯಾಗಿ ಕುಳಿತು ಕಿಲೋಮೀಟರ್ ಕಲ್ಲು ಓದುತ್ತಿದ್ದಳು.

ಸಮುದ್ರ ಕಂಡಾಗ ಯಾರೂ ಕೂಗಲಿಲ್ಲ. ನಮ್ಮ ಪಾಲಿಗೆ ದೊಡ್ಡ ನೀರೆಂದರೆ ನವಿಲುತೀರ್ಥದ ಹಿನ್ನೀರು. ಅದಕ್ಕೆ ಆಚೆ ದಂಡೆ ಇತ್ತು. ಇದಕ್ಕೆ ಆಚೆ ದಂಡೆಯೇ ಇರಲಿಲ್ಲ. ನಮ್ಮಲ್ಲೊಬ್ಬ ಹುಡುಗ ಅತ್ತುಬಿಟ್ಟ. ನೀಲವ್ವ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು, “ಖರೇನs ಉಪ್ಪೈತಿ ನೋಡಲೇ ಸುಮಿ!” ಎಂದಳು. ನನಗೆ ಅಜ್ಜಿಯ ಮಾತು ನೆನಪಾಗಿ ಬೆರಳು ಅದ್ದಲಿಲ್ಲ. ಆ ವಾಸನೆ ಮಾತ್ರ ಮೂಗಿನ ಒಳಗೇ ಹೋಗಿ ಕುಳಿತಿತು: ಒಣಮೀನು, ಒದ್ದೆ ಹಗ್ಗ, ಉಪ್ಪು.

ದಂಡೆಯ ಸಮೀಪ ಕಡಲ ಜೀವಿಗಳನ್ನು ಅಭ್ಯಾಸ ಮಾಡುವವರ ಒಂದು ಸಣ್ಣ ಕಟ್ಟಡವಿತ್ತು. ಅಲ್ಲಿ ನಮಗೆಲ್ಲ ತೋರಿಸಿದವರು ಗಿಡ್ಡ ಕೂದಲಿನ ಒಬ್ಬ ಬಾಯಿಯವರು; ಕಲಿಸುವ ಹೆಂಗಸರಿಗೆ ನಮ್ಮ ಕಡೆ ಹಾಗೆ ಕರೆಯುತ್ತಾರೆ. ಅವರ ಕರಾವಳಿ ಕನ್ನಡ ನಮಗೆ ರೇಡಿಯೋದವರ ಮಾತಿನಂತೆ ಕೇಳಿ ನಗು ತಡೆಯುವುದೇ ಕಷ್ಟವಾಯಿತು. ಗಾಜಿನ ತೊಟ್ಟಿಯಲ್ಲಿ ಕಡಲಕುದುರೆ, ಮುಳ್ಳುಹಂದಿಯಂಥದೊಂದು ಕರೀ ಉಂಡೆ, ಅಡ್ಡಡ್ಡ ಓಡುವ ಏಡಿ. ನಕ್ಷತ್ರ ಮೀನು ಮಿಂಚುತ್ತಿರಲಿಲ್ಲ. ಇಟ್ಟಿಗೆ ಬಣ್ಣದ್ದು, ಸುಮ್ಮನೆ ಬಿದ್ದಿತ್ತು. ಆದರೆ ನೀಲವ್ವನ ಅಂಗೈಯ ಮೇಲೆ ಇಟ್ಟಾಗ ಸಾವಕಾಶ ಒಂದು ಕಾಲು ಎತ್ತಿತು. ಅವಳು ಉಸಿರು ಬಿಗಿಹಿಡಿದು ನಿಂತದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಕೊನೆಗೆ ಬಾಯಿಯವರು ಒಂದು ದೊಡ್ಡ ಗಾಜಿನ ಭರಣಿ ತಂದರು. ಒಳಗೆ ಹಳದಿ ನೀರಿನಲ್ಲಿ ಮುದ್ದೆಯಾದ ಏನೋ ಇತ್ತು.

“ಇದು ಏನು, ಹೇಳಿ ನೋಡುವಾ?”

ಯಾರಿಗೂ ತಿಳಿಯಲಿಲ್ಲ.

“ಪ್ಲಾಸ್ಟಿಕ್ ಚೀಲ. ದಂಡೆಗೆ ಸತ್ತು ಬಂದ ಒಂದು ಕಡಲಾಮೆಯ ಹೊಟ್ಟೆಯಲ್ಲಿ ಸಿಕ್ಕಿದ್ದು. ನೀರಿನಲ್ಲಿ ತೇಲುವಾಗ ಇದು ಲೋಳೆಮೀನಿನ ಹಾಗೆ ಕಾಣುತ್ತದೆ. ಆಮೆ ತಿನ್ನುತ್ತದೆ. ಇದು ಕರಗುವುದಿಲ್ಲ, ಕೊಳೆಯುವುದೂ ಇಲ್ಲ. ಹೊಟ್ಟೆ ತುಂಬಿಯೇ ಇರುತ್ತದೆ, ಪ್ರಾಣಿ ಹಸಿದು ಸಾಯುತ್ತದೆ. ಈಗ ಸ್ವಲ್ಪ ಉಂಟು. ಮುಂದೆ ಬಹಳ ಆಗುತ್ತದೆ, ಮಕ್ಕಳೇ.”

ನಮಗೆ ಆಮೆಯ ಬಗ್ಗೆ ಮರುಕವಾಯಿತು, ಸುಳ್ಳಲ್ಲ. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಇನ್ನೊಂದು ಲೆಕ್ಕವೂ ನಡೆದಿತ್ತು: ಇಲ್ಲಿಯವರು ಹಾಳಿ ಬಿಸಾಡುತ್ತಾರೆ! ಬಿಸಾಡುವಷ್ಟು ಹಾಳಿ ಇವರ ಹತ್ತಿರ ಇದೆ!

ಸಂಜೆ ಮಾಸ್ತರರು ದಂಡೆಯಲ್ಲಿ ಸಾಲಾಗಿ ನಿಲ್ಲಿಸಿ, “ಕಪ್ಪೆಚಿಪ್ಪು ಆರಿಸಿಕೊಳ್ರಿ. ಹಂಗs ಕಂಡ ಕಂಡ ಪ್ಲಾಸ್ಟಿಕ್ಕನೂ ಹೆಕ್ಕಿರಿ. ಒಂದು ಆಮಿ ಉಳಿದ್ರೂ ನಾವು ಬಂದದ್ದು ಸಾರ್ಥಕ,” ಎಂದರು. ಕಪ್ಪೆಚಿಪ್ಪಿನ ಕಡೆ ಯಾರೂ ಹೊರಳಿ ನೋಡಲಿಲ್ಲ. ಮೀನು ಕಟ್ಟುವ ತೆಳು ಚೀಲಗಳು, ಹರಿದ ಬಲೆಯ ಕೆಂಪು ನೈಲಾನ್ ತುಂಡುಗಳು, ಬಲೆಗೆ ಕಟ್ಟುವ ಬೆಂಡುಗಳು. ನರಿಗೆ ದ್ರಾಕ್ಷಿ ತೋಟ ಸಿಕ್ಕಂತೆ ಮುಗಿಬಿದ್ದೆವು. ಪುಣ್ಯವೂ ಬಂತು, ಹಾಳಿಯೂ ಬಂತು. ಬಾಯಿಯವರು ದೂರ ನಿಂತು ನೋಡಿ ಚಪ್ಪಾಳೆ ತಟ್ಟಿದರು. ಅವುಗಳನ್ನೆಲ್ಲ ನಾವು ಮನೆಗೆ ಒಯ್ಯುತ್ತೇವೆಂದು ಆ ಪುಣ್ಯಾತ್ಗಿತ್ತಿಗೆ ಹೊಳೆದಿರಲಿಕ್ಕಿಲ್ಲ.

ನೀಲವ್ವ ಆರಿಸಿದ್ದು ಮೂರೇ ಮೂರು, ಅಚ್ಚ ಬಿಳಿ ಇದ್ದವು ನೋಡಿ. ಅವನ್ನು ಸಿಹಿನೀರಿನ ನಲ್ಲಿಯಲ್ಲಿ ತೊಳೆದು, ವಾಪಸು ಬರುವಾಗ ಬಸ್ಸಿನಲ್ಲೇ ತನ್ನ ಪುಸ್ತಕಕ್ಕೆ ಹೊದಿಸಿಕೊಂಡಳು. ನಾನು ಆಸೆಬುರುಕಿ. ಇಪ್ಪತ್ತಕ್ಕೂ ಹೆಚ್ಚು ಚೀಲ, ಮೇಲೆ ಕೆಂಪು ಬಲೆಯ ಒಂದು ದೊಡ್ಡ ತುಂಡು. ತೊಳೆಯಲಿಲ್ಲ. ಸುತ್ತಿ ಸುತ್ತಿ ಗಂಟು ಮಾಡಿ ಕೈಚೀಲದ ತಳಕ್ಕೆ ತುರುಕಿದೆ.

ಮನೆಯ ಅಂಗಳಕ್ಕೆ ಕಾಲಿಟ್ಟೆನೋ ಇಲ್ಲವೋ, ಅಜ್ಜಿಯ ಮೂಗು ನೆಟ್ಟಗಾಯಿತು.

“ಏನದು? ಮೀನದ ವಾಸನಿ! ಏನ ತಂದೀ?”

“ಹಾಳಿ, ಅಜ್ಜಿ. ಬಾಳ ಅವ. ಉಪ್ಪಿನಕಾಯಿ ಭರಣಿಗೆ ಕಟ್ಟಲಿಕ್ಕೆ...”

“ಉಪ್ಪಿನಕಾಯಿಗೆ? ಥೂ! ಹೊರಗ ಒಯ್ದು ಒಗಿ. ನಿಮ್ಮಜ್ಜಗ ತಿಳೀತಂದ್ರ ಇಡೀ ಮನಿ ತೊಳಸತಾರ.”

ಬಿಸಾಡಲು ಮನಸ್ಸು ಬರಲಿಲ್ಲ. ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ನೀಲವ್ವನನ್ನು ಕರೆದೆ. ಅವಳಿಗೆ ನನ್ನ ಸಂಕಟ ಕೂಡಲೆ ತಿಳಿಯಿತು.

“ತಾ ಇಲ್ಲೆ. ನಮ್ಮ ದಂದಕ್ಕ್ಯಾಗ ಇಡೂಣು. ವಾಸನಿ ಹ್ವಾದ ಮ್ಯಾಲೆ ಒಯ್ಯಿ,” ಎಂದಳು.

ಅವರ ಮನೆಯಲ್ಲಿ ಬಾಗಿಲು ದಾಟಿದ ಕೂಡಲೆ ಎಮ್ಮೆ ಕಟ್ಟುವ ಜಾಗ, ಅದೇ ದಂದಕ್ಕಿ. ಎಮ್ಮೆಗೆ ಮೇವು ಹಾಕುವ ಗೋದಲಿಯ ಒಂದು ಬದಿಗೆ ಜೋಳದ ಒಣ ಕಣಿಕೆಯ ಸಿವುಡುಗಳನ್ನು ಒಟ್ಟಿದ್ದರು. ನೀಲವ್ವ ಮೇಲೆ ಜಂತೆಗೆ ಸಿಕ್ಕಿಸೋಣ ಎಂದಳು. ಜಂತೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಮನಸ್ಸಾದಾಗ ಬಂದು ನೋಡುವ ಚಪಲ ಬೇರೆ. “ಇಲ್ಲೇ ಇರಲಿ,” ಎಂದು ನಾನೇ ಕಣಿಕೆಯ ಕೆಳಗೆ, ಗೋದಲಿಯ ಅಂಚಿಗೆ ಗಂಟನ್ನು ತುರುಕಿದೆ. ನಮ್ಮೂರಲ್ಲಿ ಹಾಲು ಕರೆಯುವ ಎಮ್ಮೆಗೆ ವಾರಕ್ಕೊಮ್ಮೆ ಅಂಗೈಯಲ್ಲಿ ಉಪ್ಪು ನೆಕ್ಕಿಸುತ್ತಾರೆ. ಉಪ್ಪೆಂದರೆ ದನಕ್ಕೆ ಪ್ರಾಣ. ಇದು ನಮಗೆ ಗೊತ್ತಿಲ್ಲದ ಮಾತೇನಲ್ಲ. ಎಷ್ಟೋ ಸಲ ನಾನೇ ನನ್ನ ಕೈಯಾರೆ ಚಂದ್ರಿಗೆ ಉಪ್ಪು ನೆಕ್ಕಿಸಿದ್ದೆ. ಕಡಲ ಉಪ್ಪು ಬೇರೆ, ಗೋದಲಿಯ ಉಪ್ಪು ಬೇರೆ ಎಂದು ನಮ್ಮ ತಲೆ ಅದು ಹೇಗೆ ತಿಳಿದುಕೊಂಡಿತೋ.

ನಾಲ್ಕು ದಿನ ಬಿಟ್ಟು ಹೋಗಿ ಕೈಯಾಡಿಸಿದರೆ ಗಂಟು ಇರಲಿಲ್ಲ. ಬಸಲಿಂಗವ್ವ ಕಸ ಹೊಡೆಯುವಾಗ ತೆಗೆದಿರಬೇಕೆಂದುಕೊಂಡೆ. ಕೇಳುವ ಧೈರ್ಯವಾಗಲಿಲ್ಲ.

ಆ ವಾರವೇ ಚಂದ್ರಿ ಮೇವು ಬಿಟ್ಟಿತು. ಮೊದಲು ಮೆಲುಕು ಹಾಕುವುದು ನಿಂತಿತು. ಆಮೇಲೆ ಎಡ ಹೊಟ್ಟೆ ಉಬ್ಬಿ ತಮಟೆಯಂತಾಯಿತು. ಬಸಲಿಂಗವ್ವ ಮಜ್ಜಿಗೆಯಲ್ಲಿ ಇಂಗು, ಶುಂಠಿ ಕಲಸಿ ಬಿದಿರಿನ ಗೊಟ್ಟದಿಂದ ಕುಡಿಸಿದಳು. ಒಳ್ಳೆಣ್ಣೆ ಕುಡಿಸಿದಳು. ಯಾರೋ ದೃಷ್ಟಿಯೆಂದರು, ಮೆಣಸಿನಕಾಯಿ ಇಳಿಸಿ ಸುಟ್ಟಳು. ಇನ್ಯಾರೋ ಬರೆ ಹಾಕಿಸು ಎಂದರು. ಅದಕ್ಕೆ ಮಾತ್ರ ನೀಲವ್ವ ಅಡ್ಡ ನಿಂತಳು. ಹಾಲು ಪಾವಿಗೆ ಇಳಿಯಿತು, ಮರುದಿನ ಅದೂ ಇಲ್ಲ. ನಮ್ಮ ಮನೆಗೆ ಬೇರೆ ಕಡೆಯಿಂದ ಹಾಲು ತರಿಸತೊಡಗಿದರು.

ನೀಲವ್ವ ಎರಡು ದಿನ ಶಾಲೆಗೆ ಬರಲಿಲ್ಲ. ಹಿತ್ತಲಿಂದ ನೋಡಿದೆ. ಎಮ್ಮೆಯ ಗದ್ದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಸಿ ಹುಲ್ಲನ್ನು ಒಂದೊಂದೇ ಎಳೆ ಬಾಯಿಗೆ ಹಿಡಿಯುತ್ತಿದ್ದಳು. “ತಿನ್ನs ನಮ್ಮವ್ವ. ಒಂದs ತುತ್ತ ತಿನ್ನು,” ಎನ್ನುತ್ತಿದ್ದಳು. ಚಂದ್ರಿ ಮುಖ ಹೊರಳಿಸುತ್ತಿತ್ತು. ಭರಣಿಯಲ್ಲಿದ್ದ ಮುದ್ದೆ ಕಣ್ಮುಂದೆ ಬಂದದ್ದು ಆಗ. ಆಗಲೇ ಹೇಳಿದ್ದರೂ ಡಾಕ್ಟರು ಬೇಗ ಬಂದಿರುತ್ತಿದ್ದರೋ ಏನೋ. ಹೇಳಲಿಲ್ಲ.

ದನದ ಡಾಕ್ಟರು ರಾಮದುರ್ಗದಿಂದ ಬಂದದ್ದು ಒಂಬತ್ತನೆಯ ದಿನ ಬೆಳಿಗ್ಗೆ. ಅವರು ಸೈಕಲ್ಲು ನಿಲ್ಲಿಸುವ ಹೊತ್ತಿಗೆ ಚಂದ್ರಿ ಕಾಲು ಚಾಚಿ ಆಗಿತ್ತು. ಬಸಲಿಂಗವ್ವ ಅಳಲಿಲ್ಲ. ಗೋದಲಿಯ ಕಲ್ಲನ್ನು ಒರಗಿ ಕುಳಿತು ಖಾಲಿ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಊರಿನ ಬೇರೆ ದನಗಳಿಗೆ ರೋಗ ತಗಲೀತೆಂದು ಡಾಕ್ಟರು ಹೊಟ್ಟೆ ಕೊಯ್ದು ನೋಡುವುದಾಗಿ ಹೇಳಿದರು. ಊರಾಚೆ ಬಯಲಿಗೆ ಎಳೆದೊಯ್ದರು. ಗೌಡರು ಬಂದರು, ಮಾಸ್ತರರು ಬಂದರು, ಅಜ್ಜನೂ ದೂರದಲ್ಲಿ ನಿಂತರು. ನಾನು ಅಜ್ಜಿಯ ಹಿಂದಿದ್ದೆ. ಡಾಕ್ಟರ ಕೈ ಮೊಣಕೈವರೆಗೆ ಒಳಗೆ ಹೋಗಿ ಹೊರಗೆ ಬಂದಾಗ, ಕಣಿಕೆಯ ನಾರು ಮೆತ್ತಿದ ಒಂದು ದೊಡ್ಡ ಉಂಡೆ ಬಂತು. ತಂಬಿಗೆಯ ನೀರು ಸುರಿದು ಬಿಡಿಸಿದರು. ಒಂದು ಚೀಲ, ಇನ್ನೊಂದು, ಮತ್ತೊಂದು. ಅವೆಲ್ಲವನ್ನೂ ಬಿಗಿದು ಕಟ್ಟಿದ್ದ ಕೆಂಪು ಬಲೆ. ಬಣ್ಣ ಸಹ ಮಾಸಿರಲಿಲ್ಲ.

ಮಾಸ್ತರರು ಬಗ್ಗಿ ಆ ಬಲೆಯ ಒಂದು ತುದಿಯನ್ನು ಎತ್ತಿ ನೋಡಿದರು.

ನಮ್ಮೂರಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬರ ತಪ್ಪಿನಿಂದ ಇನ್ನೊಬ್ಬರ ದನ ಸತ್ತರೆ, ತಪ್ಪಿದವರ ಮನೆಯಿಂದ ಅಂಥದ್ದೇ ದನ ಕೊಡಬೇಕು. ಹಿಂದಿನ ವರ್ಷ ಹೊಲದಲ್ಲಿ ಬೆಳೆಗೆ ಹೊಡೆಯುವ ವಿಷದ ಎಣ್ಣೆ ಡಬ್ಬಿ ಬಿಟ್ಟು ಆಡು ಸಾಯಲು ಕಾರಣನಾದವನು ಮರುಮಾತಿಲ್ಲದೆ ತನ್ನ ಆಡು ಕೊಟ್ಟಿದ್ದ. ಗೌಡರು ಅದನ್ನೇ ನೆನೆದು ಗಟ್ಟಿಯಾಗಿ ಕೇಳಿದರು:

“ಈ ಹಾಳಿ ಸಾಲೀ ಹುಡುಗೂರು ಕಾರವಾರದಿಂದ ತಂದದ್ದು, ಹೌದಿಲ್ಲೋ? ಎಲ್ಲಾರ ಮನ್ಯಾಗೂ ಅದಾವು. ಬಸಲಿಂಗವ್ವನ ಗ್ವಾದಲ್ಯಾಗ ಇಟ್ಟಾವ್ರು ಯಾರು? ಖರೆ ಹೇಳ್ರಿ. ಯಾರೂ ಬಡಿಯಂಗಿಲ್ಲ. ಯಾರ ಕೈಲೆ ಆಗೇತೋ ಅವ್ರ ಮನಿಯಿಂದ ಎಮ್ಮಿ ಬರತೈತಿ, ಮುಗೀತು.”

ನಮ್ಮ ಕೊಟ್ಟಿಗೆಯಲ್ಲಿ ಮೊದಲ ಸಲ ಗಬ್ಬವಾದ ಒಂದು ಎಮ್ಮೆ ಮಣಕವಿತ್ತು. ಇನ್ನೆರಡು ತಿಂಗಳಿಗೆ ಈಯುವುದಿತ್ತು.

ನೀಲವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತರಗತಿಯಲ್ಲಿ ತನಗೆ ಗೊತ್ತಿದ್ದ ಉತ್ತರವನ್ನು ನನಗೆ ಬಿಟ್ಟುಕೊಡುವಾಗ ನೋಡುತ್ತಿದ್ದಳಲ್ಲ, ಅದೇ ನೋಟ. ನಾನು ಬಾಯಿ ತೆರೆದೆ. ಅಜ್ಜಿಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಬಳೆ ಒತ್ತಿ ನೋಯುವಷ್ಟು ಬಿಗಿ. ತಲೆ ತಿರುಗಿಸದೆ, ತುಟಿ ಅಲುಗಿಸದೆ ಹೇಳಿದಳು:

“ಸುಮ್ಮನಿರು. ಮಣಕ ಕೊಟ್ಟು ಏನ ತಿನ್ನೋದದ? ನೀ ಮನಿಗೆ ತಂದದ್ದು ಯಾರಿಗೂ ಗೊತ್ತಿಲ್ಲ.”

ಗೌಡರು ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳಿದರು. ಹುಡುಗರೆಲ್ಲ ನೆಲ ನೋಡುತ್ತಿದ್ದರು.

“ನಾನs ಇಟ್ಟಿದ್ನಿರಿ,” ಎಂದಳು ನೀಲವ್ವ. “ನಮ್ಮ ದಂದಕ್ಕ್ಯಾಗ ಇಡೂಣು ಅಂದಾಕಿ ನಾನs.”

ಆ ‘ಇಡೂಣು’ ಎಂಬ ಮಾತಿನಲ್ಲಿ ಇನ್ನೊಬ್ಬರು ಇದ್ದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಬಸಲಿಂಗವ್ವ ಎದ್ದು ಬಂದು ಮಗಳ ಕೆನ್ನೆಗೆ ಹೊಡೆದಳು. ಒಮ್ಮೆ ಹೊಡೆದು, ಅದೇ ಕೈಯಿಂದ ಅವಳನ್ನು ಅಪ್ಪಿ ಹಿಡಿದು ಆಗ ಅತ್ತಳು. ಗೌಡರು, “ಮನೀ ಮಗಳs ಅಂದ್ರ ಯಾರ ಏನ ಮಾಡೂದವಾ,” ಎಂದು ರುಮಾಲು ಸರಿಪಡಿಸಿಕೊಂಡು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಮುಂದೆ ಎಷ್ಟೋ ಮಕ್ಕಳಿಗೆ ವಿವರಿಸಿದ್ದೇನೆ. ಪ್ರತಿ ಸಲ ಆ ಕೆನ್ನೆ ನೆನಪಾಗುತ್ತದೆ.

ಮನೆಗೆ ಬಂದು ಕಾಲು ತೊಳೆಯುತ್ತ ಅಜ್ಜ ಹೇಳಿದರು: “ನೋಡು, ನಮ್ಮ ಹುಡುಗಿ ಶಾಣ್ಯಾ. ಒಂದ ಕಡ್ಡಿ ಸಹ ಮನಿಗೆ ತರಲಿಲ್ಲ.” ಅಜ್ಜಿ ಒಲೆಗೆ ಕಟ್ಟಿಗೆ ಮುಂದೆ ಸರಿಸಿದಳು. ಅಂದು ಅಜ್ಜ ನನ್ನ ತಟ್ಟೆಗೆ ತಾವೇ ತುಪ್ಪ ಹಾಕಿದರು. ಅದು ಚಂದ್ರಿಯ ತುಪ್ಪ. ನಾನು ಉಂಡೆ.

ಮರುದಿನ ಮಾಸ್ತರರು ಮನೆಮನೆಗೆ ಹೋಗಿ ಕಾರವಾರದ ಹಾಳಿಗಳನ್ನೆಲ್ಲ ತಿರುಪೆಯವರಂತೆ ಬೇಡಿ ತಂದು ಶಾಲೆಯ ಹಿಂದೆ ರಾಶಿ ಹಾಕಿ ಸುಟ್ಟರು. ಕರೀ ಹೊಗೆ ನೆಲದ ಮಟ್ಟದಲ್ಲೇ ಹರಿದಾಡಿತು. ಆ ವಾಸನೆಗೆ ಒಂದನೆಯ ತರಗತಿಯ ಕೂಸುಗಳು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡವು. ಅದಕ್ಕೂ ಊರವರು ಮಾಸ್ತರರನ್ನೇ ಬೈದರು.

ಅದೇ ಸಂಜೆ ಅವರು ಬಸಲಿಂಗವ್ವನ ಮನೆಗೆ ಹೋದರು. ನಾನು ಹಿತ್ತಲ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ.

“ತಪ್ಪು ನಂದು, ಯವ್ವಾ. ಹುಡುಗೀದಲ್ಲ. ಸಾಲಿ ಬಿಡಸಬ್ಯಾಡ್ರಿ. ಆಕಿ ತಲೀ ನನ್ನ ತಲಿಗಿಂತ ಚಲೋ ಐತಿ.”

ಬಸಲಿಂಗವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೇಳಲಾಗದ್ದು.

“ಸರ್, ನೀವು ಕಲಿಸಿದ್ದು ಖರೇನs ಐತಿ. ಆಕಿ ಬಂದು ನನಗೂ ಹೇಳಿದ್ಲು. ಆಮಿ ತಿಂತೈತಿ, ಸಾಯತೈತಿ ಅಂತ. ಎಮ್ಮಿ ತಿಂತೈತಿ ಅಂತ ಯಾರೂ ಹೇಳಲಿಲ್ಲಲ್ರಿ. ಸಮುದ್ರದಾಗಿಂದು ಎಲ್ಲಾ ಕಲತು ಬಂದ್ಲು, ಮನ್ಯಾಗಿಂದು ಹ್ವಾತು. ನಾಳೆ ಒಲಿ ಹತ್ತಬೇಕಲ್ರಿ ಸರ್. ನಾ ಏನ ಮಾಡ್ಲಿ?”

ಮಾಸ್ತರರು ಎದ್ದು ಹೋದರು. ಆ ವರ್ಷದ ಶಾಲೆ ಮುಗಿದ ಮೇಲೆ ಅವರು ವರ್ಗ ಮಾಡಿಸಿಕೊಂಡರೆಂದು ಕೇಳಿದೆ. ಆಮೇಲೆ ನಮ್ಮೂರ ಶಾಲೆಯಿಂದ ಮಕ್ಕಳನ್ನು ಎಲ್ಲಿಗೂ ಕರೆದೊಯ್ಯಲಿಲ್ಲ.

ನೀಲವ್ವ ಕುರ್ಪಿ ಹಿಡಿದು ಕಳೆ ತೆಗೆಯಲು ಹೊರಟಳು. ನಾನು ಶಾಲೆಗೆ ಹೋಗುವ ಹೊತ್ತಿಗೇ ಹೆಂಗಸರ ಗುಂಪಿನ ಹಿಂದೆ ಅವಳೂ ಇರುತ್ತಿದ್ದಳು. ತಲೆಯ ಮೇಲೆ ಬುತ್ತಿ, ಅರಿವೆಯ ಸಿಂಬಿ. ಮೊದಮೊದಲು ನಿಂತು ಕೇಳುತ್ತಿದ್ದಳು, “ಇವತ್ತ ಯಾವ ಪಾಠ ಆತು?” ನಾನು ಹೇಳುತ್ತಿದ್ದೆ, ಕಣ್ಣು ಬೇರೆ ಕಡೆ ಇಟ್ಟುಕೊಂಡು. ಬರುಬರುತ್ತ ಕೇಳುವುದನ್ನು ಬಿಟ್ಟಳು. ಆ ವರ್ಷದ ಪರೀಕ್ಷೆಯಲ್ಲಿ ತರಗತಿಗೆ ಮೊದಲಿಗಳಾಗಿ ಬಂದವಳು ನಾನು. ಅಜ್ಜ ಪೇಡೆ ಹಂಚಿದರು. ಎರಡು ವರ್ಷದೊಳಗೆ ನೀಲವ್ವನನ್ನು ಸಾಲಹಳ್ಳಿಗೆ ಮದುವೆ ಮಾಡಿ ಕೊಟ್ಟರು.

ನಾನು ಓದಿದೆ, ಮಾಸ್ತರಿಕೆ ಮಾಡಿದೆ, ಅದೇ ವಿಜ್ಞಾನ ಕಲಿಸಿ ನಿವೃತ್ತಳೂ ಆದೆ. ಈಗ ಸವದತ್ತಿಯ ಸಂತೆ ಮುಗಿದ ಮೇಲೆ ಹೋಗಿ ನೋಡಿ, ದನಗಳು ಹಾಳಿಯನ್ನೇ ಮೇಯುತ್ತಿರುತ್ತವೆ. ಹೊಟ್ಟೆ ಕೊಯ್ದು ನೋಡುವ ಡಾಕ್ಟರೂ ಇಲ್ಲ, ಯಾರ ಕೈಯಿಂದಾಯಿತೆಂದು ಮೂರು ಸಲ ಕೇಳುವ ಗೌಡರೂ ಇಲ್ಲ. ಒಂದು ಎಮ್ಮೆ ಸತ್ತರೆ ಇಡೀ ಊರು ಬಯಲಿಗೆ ಬಂದು ನಿಲ್ಲುತ್ತಿತ್ತು. ಅಂಥ ಊರನ್ನು ನಾನು ಇನ್ನೆಲ್ಲೂ ಕಾಣಲಿಲ್ಲ. ಅಂಥ ಊರಲ್ಲಿದ್ದೂ ಬಾಯಿ ಮುಚ್ಚಿಕೊಂಡು ನಿಂತವಳು ನಾನು. ಅಜ್ಜಿ ಹಿಡಿದಳು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಜ್ಜಿ ಹಿಡಿದದ್ದು ಅದೊಂದು ಬೆಳಿಗ್ಗೆ ಮಾತ್ರ. ಆಮೇಲಿನ ದಿನಗಳಲ್ಲಿ ನನ್ನ ಕೈ ಯಾರೂ ಹಿಡಿದಿರಲಿಲ್ಲ.

ಹೋದ ವರ್ಷ ಒಂದು ಮದುವೆಗೆಂದು ಸಾಲಹಳ್ಳಿಗೆ ಹೋದಾಗ ನೀಲವ್ವನ ಮನೆ ಕೇಳಿಕೊಂಡು ಹೋದೆ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಗುರುತು ಹಿಡಿದಳು, ನಕ್ಕಳು. “ಬರ್ರಿ ಬಾಯಾರ, ಕುಂದರ್ರಿ,” ಎಂದು ಚಾಪೆ ಹಾಸಿದಳು. ನನ್ನನ್ನು ‘ಲೇ ಸುಮಿ’ ಎನ್ನುತ್ತಿದ್ದವಳು. ಚಹಾ ಕುಡಿದು ಮುಗಿಯುವತನಕ ತಡೆದು, ಆಮೇಲೆ ಹೇಳಿದೆ. ಬಲೆ ನನ್ನದೆಂದು, ಕಣಿಕೆಯ ಕೆಳಗೆ ತುರುಕಿದ ಕೈ ನನ್ನದೆಂದು, ಮಣಕದ ಆಸೆಗೆ ಬಾಯಿ ಮುಚ್ಚಿದೆನೆಂದು. ಹೇಳುತ್ತ ಹೇಳುತ್ತ ಅತ್ತೆ.

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತಿಲ್ಲೇನ್ರಿ ಬಾಯಾರ? ನನ್ನ ಕಣ್ಮುಂದs ಇಟ್ರಲ್ಲ. ನಾ ಹೇಳಿದ್ರ ಚಾಡಿ ಆಗತಿತ್ತು. ನೀವು ಹೇಳಿದ್ರ ಖರೆ ಆಗತಿತ್ತು. ಅದಕ್ಕs ಸುಮ್ಮನ ಕಾದ್ನಿ.”

ಸುಲಿದ ಸಿಪ್ಪೆಯನ್ನು ಒಂದು ಬದಿಗೆ ಸರಿಸಿ ಮತ್ತೆ ಹೇಳಿದಳು:

“ಅವ್ವನೂ ಒಮ್ಮಿಗೇ ಸಾಲಿ ಬಿಡಸಲಿಲ್ಲರಿ. ಹೋಳಿ ಹುಣ್ಣಿವಿ ತನಕ ನನ್ನ ಪಾಟಿಚೀಲ ಗೂಟಕ್ಕs ಇತ್ತು. ಎಲ್ಲಿಂದರ ಒಂದ ಎಮ್ಮಿ ಬಂದೀತು ಅಂತ. ಹೋಳಿ ಆದ ಮ್ಯಾಲೆ ಆ ಚೀಲದಾಗ ಬೀಜ ಹಾಕಿಟ್ಲು.”

ಚಂದ್ರಿ ಸತ್ತಾಗ ಹೋಳಿ ಹುಣ್ಣಿಮೆಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಅಷ್ಟೂ ದಿನ ನಾನು ಅವರ ತೆರೆದ ಬಾಗಿಲ ಮುಂದೆಯೇ ಹಾದು ಶಾಲೆಗೆ ಹೋಗಿದ್ದೆ.